ಕಾನಿನಿಂದ ಕೋಡಿಯವರೆಗೆ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ಗುಡಿಯ ಎದುರು ನಿಂತಿರುವ ಕಲ್ಲುಕಂಬವನ್ನು ನಾವೆಲ್ಲ ಶಾಲೆಯ ಪಾಠದಲ್ಲೇ ಕಂಡವರು. ಮಯೂರಶರ್ಮ ಓದಲೆಂದು ಕಂಚಿಯ ಘಟಿಕೆಗೆ ಹೋದದ್ದು, ಅಲ್ಲಿ ಪಲ್ಲವರ ಸವಾರನೊಡನೆ ಜಗಳವಾದದ್ದು, ದರ್ಭೆ ಹಿಡಿದ ಕೈ ಕತ್ತಿ ಹಿಡಿದದ್ದು, ಎಲ್ಲವೂ ಆ ಕಂಬದಿಂದಲೇ ನಮಗೆ ಗೊತ್ತಾದದ್ದು. ಕದಂಬರ ಚರಿತ್ರೆಯ ಬುನಾದಿ ಅದು. ಆದರೆ ಕಂಬ ನಿಲ್ಲಿಸಿದವರಿಗೆ ಹೇಳಬೇಕಾಗಿದ್ದ ಸುದ್ದಿ ಇನ್ನೊಂದು. ಕಾಕುತ್ಸ್ಥವರ್ಮ ಇಲ್ಲಿಯ ಶಿವಾಲಯದ ಬಳಿ ಒಂದು ಕೆರೆ ಕಟ್ಟಿಸಿದ. ಅವನ ಮಗ ಶಾಂತಿವರ್ಮನ ಆಳ್ವಿಕೆಯಲ್ಲಿ, ಐದನೆಯ ಶತಮಾನದ ನಡುಭಾಗದಲ್ಲಿ, ಕುಬ್ಜ ಎಂಬ ಕವಿ ಆ ಕೆರೆಯ ಸಂಗತಿಯನ್ನು ಸಂಸ್ಕೃತ ಕಾವ್ಯವಾಗಿ ಹೊಸೆದು ಕಲ್ಲಿಗೇರಿಸಿದ. ಮಯೂರಶರ್ಮನ ಸಾಹಸ, ಕದಂಬ ಕುಲದ ಹೊಗಳಿಕೆ ಇವೆಲ್ಲ ಆ ಕೆರೆಗೆ ಬರೆದ ಪೀಠಿಕೆ.

ಪೀಠಿಕೆಯನ್ನು ಪರೀಕ್ಷೆಗೆ ಬಾಯಿಪಾಠ ಮಾಡಿ ಕೆರೆಯನ್ನು ಬಿಟ್ಟುಬಿಟ್ಟದ್ದು ನಮ್ಮ ಚರಿತ್ರೆಯ ಓದಿನ ದೊಡ್ಡ ಕೊರತೆ ಎಂದು ನನಗೆ ಅನ್ನಿಸುತ್ತದೆ. ಸೊರಬ, ಶಿಕಾರಿಪುರಗಳ ಚರಿತ್ರೆಯನ್ನು ಅರಸರ ಪಟ್ಟಿಯ ಬದಲು ಕೆರೆಗಳ ಕಡೆಯಿಂದ ಬರೆದರೆ ಅದು ಬೇರೆಯದೇ ಕಥೆಯಾಗುತ್ತದೆ. ಹವಾಮಾನ ಬದಲಾವಣೆ ಎಂದು ಇಂದು ಜಗತ್ತೆಲ್ಲ ತಲೆ ಕೆಡಿಸಿಕೊಂಡಿರುವ ವಿಷಯಕ್ಕೆ ನೇರವಾಗಿ ಬಂದು ಮುಟ್ಟುವುದು ಆ ಕಥೆಯೇ.

ಈ ಎರಡೂ ತಾಲ್ಲೂಕುಗಳು ಮಲೆನಾಡು ಸೋತು ಬಯಲುಸೀಮೆ ಶುರುವಾಗುವ ಅಂಚಿನಲ್ಲಿವೆ. ಪಡುವಣಕ್ಕೆ, ಚಂದ್ರಗುತ್ತಿಯ ಕಡೆ, ಮಳೆ ಹೆಚ್ಚು. ಮೂಡಣಕ್ಕೆ ಬಂದಂತೆ ಕಡಿಮೆ. ಎತ್ತರದ ಬೆಟ್ಟಗಳಿಲ್ಲ, ಪೂರ್ತಿ ಸಮತಟ್ಟೂ ಅಲ್ಲ. ತಗ್ಗು ದಿಣ್ಣೆಗಳು, ಅವುಗಳ ನಡುವೆ ಅಗಲವಾದ ಹರವು. ಮಳೆಗಾಲದಲ್ಲಿ ಆ ಹರವಿನಲ್ಲಿ ಬೇಡವೆಂದರೂ ನೀರು ಹರಿದು ವರದೆಗೋ ದಂಡಾವತಿಗೋ ಕುಮುದ್ವತಿಗೋ ಸೇರಿ ತುಂಗಭದ್ರೆಯ ದಾರಿ ಹಿಡಿಯುತ್ತದೆ. ಬೇಸಿಗೆಯಲ್ಲಿ ಅದೇ ಜಾಗ ಒಣಗಿ ಬಿರಿಯುತ್ತದೆ. ಈ ನೆಲದ ಗುಣವನ್ನು ಅರಿತ ಹಿರಿಯರು ದಿಣ್ಣೆಯಿಂದ ದಿಣ್ಣೆಗೆ ಮಣ್ಣಿನ ಏರಿ ಹಾಕಿದರು. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ, ಅದರ ಕೋಡಿ ಇನ್ನೂ ಕೆಳಗಿನದಕ್ಕೆ. ಹೀಗೆ ಹಳ್ಳದ ಉದ್ದಕ್ಕೂ ಸಾಲುಗೆರೆಗಳಾದವು. ಏರಿಯ ಕೆಳಗೆ ಗದ್ದೆ, ಗದ್ದೆ ಮುಗಿದಲ್ಲಿ ಮತ್ತೆ ಕೆರೆಯ ಹಿನ್ನೀರು.

ಈ ಕೆರೆಗಳು ಬರಿಯ ನೀರಿನ ತೊಟ್ಟಿಗಳಾಗಿರಲಿಲ್ಲ. ಏರಿಯ ಬಳಿ ಮಾತ್ರ ಆಳ. ಹಿಂದಕ್ಕೆ ಹೋದಂತೆ ನೀರು ತೆಳುವಾಗುತ್ತ, ಜೊಂಡು ಹುಲ್ಲು ಬೆಳೆದ ಕೆಸರಾಗುತ್ತ, ಕೊನೆಗೆ ಕಾಲು ಹೂಳುವ ಜೌಗಾಗಿ ಕಾಡಿನ ಬುಡ ಮುಟ್ಟುತ್ತಿತ್ತು. ಮೀನು ಮೊಟ್ಟೆಯಿಡುವುದು, ಕಪ್ಪೆ ಮರಿ ಮಾಡುವುದು, ಕೊಕ್ಕರೆ ಬೆಳ್ಳಕ್ಕಿಗಳು ಮೇಯುವುದು ಆ ತೆಳುನೀರಿನಲ್ಲೇ. ಬೇಸಿಗೆಯಲ್ಲಿ ನೀರು ಹಿಂದೆ ಸರಿದ ಅಂಗಳದಲ್ಲಿ ದನ ಮೇಯುತ್ತಿದ್ದವು, ರೈತರು ಗೋಡುಮಣ್ಣು ಹೇರಿಕೊಂಡು ಗದ್ದೆಗೆ ಒಯ್ಯುತ್ತಿದ್ದರು. ನೀರು ಇನ್ನೇನು ಬತ್ತಬೇಕೆನ್ನುವಾಗ ಕೆರೆಬೇಟೆ. ಸುತ್ತಲ ಊರುಗಳ ಗಂಡಸರು ಕೂಣಿ ಎಂಬ ಮೀನು ಹಿಡಿಯುವ ಬಿದಿರಿನ ಬುಟ್ಟಿ ಹೊತ್ತು ಬಂದು, ಒಟ್ಟಿಗೇ ಕೆಸರಿಗಿಳಿದು ಮೀನು ಹಿಡಿಯುವ ಸಂಭ್ರಮ ಅದು. ಸೊರಬ, ಸಾಗರ, ಶಿಕಾರಿಪುರದ ಹಳ್ಳಿಗಳಲ್ಲಿ ಇದು ಇಂದಿಗೂ ಉಳಿದಿದೆ. ತುಂಬುವುದು, ಇಳಿಯುವುದು, ಒಣಗುವುದು, ಮತ್ತೆ ತುಂಬುವುದು ಎಂಬ ಈ ವರ್ಷದ ಸುತ್ತಿನಲ್ಲಿ ಜನರ ಊಟ, ಗೊಬ್ಬರ, ಹಬ್ಬ ಎಲ್ಲವೂ ಸೇರಿಕೊಂಡಿದ್ದವು.

ಕೆರೆ ಕಟ್ಟುವುದು ಒಂದು ಸಲದ ಕೆಲಸ, ಕಾಯುವುದು ಪ್ರತಿ ವರ್ಷದ ಕೆಲಸ. ಹಳಬರಿಗೆ ಇದು ಚೆನ್ನಾಗಿ ಗೊತ್ತಿತ್ತು. ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಬಿತ್ತುವಟ್ಟ, ಕಟ್ಟುಕೊಡಗೆ, ಕೆರೆಗೊಡಗೆ, ದಸವಂದ ಮುಂತಾದ ದತ್ತಿಗಳು ಆ ತಿಳಿವಿನ ಗುರುತು. ಏರಿಗೆ ಮಣ್ಣು ಹಾಕುವವನಿಗೆ, ಹೂಳು ತೆಗೆಯುವ ಗಾಡಿಗೆ, ತೂಬು ನೋಡಿಕೊಳ್ಳುವವನಿಗೆ ಅದೇ ಕೆರೆಯ ಅಚ್ಚುಕಟ್ಟಿನಲ್ಲಿ ತುಂಡು ಭೂಮಿ ಬಿಡುತ್ತಿದ್ದರು. ಕೆರೆ ಚೆನ್ನಾಗಿದ್ದರೆ ಆ ಭೂಮಿಯಲ್ಲಿ ಬೆಳೆ. ಕೆರೆ ಕೆಟ್ಟರೆ ಕಾಯುವವನ ಅನ್ನಕ್ಕೇ ಮೊದಲು ಕುತ್ತು. ಲೂಯಿ ರೈಸ್ ಅವರು 20ನೆಯ ಶತಮಾನದ ಆರಂಭದಲ್ಲಿ ಎಪಿಗ್ರಾಫಿಯ ಕರ್ನಾಟಿಕದ 7 ಮತ್ತು 8ನೆಯ ಸಂಪುಟಗಳನ್ನು ಹೊರತಂದಾಗ, ಈ ಎರಡು ತಾಲ್ಲೂಕುಗಳ ಶಾಸನಗಳ ರಾಶಿ ವಿದ್ವಾಂಸರನ್ನು ಬೆರಗುಗೊಳಿಸಿತು. ಯುದ್ಧದ ಹೆಸರುಗಳ ನಡುವೆ ಆ ಪುಟಗಳಲ್ಲಿ ಕೆರೆಗಳ ಹೆಸರೂ ತುಂಬಿವೆ.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೇದಾರೇಶ್ವರ ಗುಡಿ ತಾವರೆಕೆರೆಯ ಮಗ್ಗುಲಲ್ಲಿದೆ. ಆ ಕೆರೆಯ ಕೋಡಿಯ ಬಳಿ ಇದ್ದದ್ದರಿಂದಲೇ ಅಲ್ಲಿಯ ಮಠಕ್ಕೆ ಕೋಡಿಯಮಠವೆಂದು ಹೆಸರಾಯಿತು. ಕಲಚುರಿ ಬಿಜ್ಜಳನ ಕಾಲದ 1162ರ ಶಾಸನ ಆ ಮಠವನ್ನು ಬಣ್ಣಿಸುವ ಬಗೆ ಓದಿದರೆ ಹೆಮ್ಮೆಯಾಗುತ್ತದೆ: ವೇದ, ದರ್ಶನ, ಹಲವು ವ್ಯಾಕರಣಗಳ ಪಾಠ, ದಿಕ್ಕಿಲ್ಲದವರಿಗೆ ಅನ್ನ, ರೋಗಿಗಳಿಗೆ ಔಷಧ. ನಾಡಿನ ದೊಡ್ಡ ವಿದ್ಯಾಕೇಂದ್ರವೊಂದು ಕೆರೆಯ ನೀರು ಹೊರಬೀಳುವ ಜಾಗದಲ್ಲಿ ನೆಲೆಯೂರಿತ್ತು. ಕೆರೆಯ ನೀರಿಲ್ಲದೆ ಅಷ್ಟು ಜನರಿಗೆ ಅನ್ನ ಎಲ್ಲಿಂದ ಬರಬೇಕು?

ಕೆರೆಯ ಮೇಲ್ಭಾಗದ ಕಥೆ ಇನ್ನೂ ಮುಖ್ಯ. ಸೊರಬದ ದಿಣ್ಣೆಗಳ ನೆತ್ತಿಯಲ್ಲಿ, ಹಳ್ಳಗಳ ತಲೆಯಲ್ಲಿ ಕಾನುಗಳೆಂಬ ನಿತ್ಯಹಸಿರಿನ ಕಾಡುಗಳಿದ್ದವು. ಸುತ್ತಲಿನ ಕಾಡು ಬೇಸಿಗೆಯಲ್ಲಿ ಎಲೆ ಉದುರಿಸಿ ಬೋಳಾದರೂ ಕಾನು ಹಸಿರಾಗಿಯೇ ಇರುತ್ತಿತ್ತು. ದೇವರ ಹೆಸರಿನಲ್ಲಿ ಬಿಟ್ಟ ಕಾನುಗಳಿದ್ದವು, ಮೆಣಸಿನ ಬಳ್ಳಿ ಹಬ್ಬಿಸಿ ಬಗಿನಿ ಮರದಿಂದ ಕಳ್ಳು ಇಳಿಸುತ್ತಿದ್ದ ಕಾನುಗಳಿದ್ದವು. ಅನೇಕ ಕಾನುಗಳು ಒಟ್ಟೊಟ್ಟಿಗೇ ಎರಡೂ ಆಗಿದ್ದವು. 1868ರಲ್ಲಿ ಭಾರತದ ಅರಣ್ಯ ಇಲಾಖೆಯ ಮುಖ್ಯಸ್ಥರಾಗಿದ್ದ ಜರ್ಮನ್ ಸಸ್ಯವಿಜ್ಞಾನಿ ಡೀಟ್ರಿಕ್ ಬ್ರಾಂಡಿಸ್ ಅವರು ಗ್ರಾಂಟ್ ಎಂಬ ಅಧಿಕಾರಿಯೊಡನೆ ಸೊರಬದ ಕಾನುಗಳ ಮೇಲೆಯೇ ಒಂದು ವರದಿ ಬರೆದರು. ಅವರ ಲೆಕ್ಕದಲ್ಲಿ ಈ ಒಂದು ತಾಲ್ಲೂಕಿನಲ್ಲಿ 171 ಕಾನುಗಳಿದ್ದವು. ಒಟ್ಟು ವಿಸ್ತೀರ್ಣ 32,594 ಎಕರೆ, ಎಂದರೆ ಸುಮಾರು 13,000 ಹೆಕ್ಟೇರ್. ಈ ಅಂಕಿಯನ್ನು ಸೊರಬದ ಇಂದಿನ ನಕ್ಷೆಯ ಮೇಲೆ ಇಟ್ಟು ನೋಡಬೇಕು. ಎಷ್ಟು ಉಳಿದಿದೆಯೆಂದು ಹುಡುಕಲು ಹೊರಟವರಿಗೆ ಅಡಿಕೆ ತೋಟದ ನಡುವೆ ಅಲ್ಲಲ್ಲಿ ತುಂಡುಗಳು ಸಿಗುತ್ತವೆ.

ಕಾನಿನ ನೆಲದ ಕೆಲಸ ಏನೆಂದು ಸ್ವಲ್ಪ ನಿಂತು ನೋಡೋಣ. ನೂರಾರು ವರ್ಷ ಬಿದ್ದ ತರಗೆಲೆ ಕೊಳೆತು ಮಣ್ಣಾಗಿ, ಮರದ ಬೇರು ಅದನ್ನು ಸಡಿಲವಾಗಿ ಇಟ್ಟು, ಸುರಿದ ಮಳೆಯನ್ನು ನೆಲ ಕುಡಿಯುತ್ತದೆ. ಕುಡಿದದ್ದನ್ನು ತಿಂಗಳುಗಟ್ಟಲೆ ಒಸರಾಗಿ ಬಿಡುತ್ತದೆ. ಕೆರೆಗೆ ಮಳೆ ನಿಂತ ಮೇಲೂ ನೀರು ಬರುತ್ತಿದ್ದದ್ದು ಹೀಗೆ. ಕೆಸರು ತರದೆ ತಿಳಿಯಾಗಿ ಬರುತ್ತಿದ್ದದ್ದರಿಂದ ಕೆರೆ ಬೇಗ ಹೂಳುತ್ತಿರಲಿಲ್ಲ. ಇದರ ಅತ್ಯಂತ ಹಳೆಯ ರೂಪ ನೋಡಬೇಕೆಂದರೆ ನೆರೆಯ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿಗೆ ಹೋಗಬೇಕು. ಅಲ್ಲಿ ರಾಮಪತ್ರೆಯ ಬಳಗದ ಮರಗಳು ಹರಿಯುವ ಜೌಗಿನಲ್ಲೇ ನಿಂತು, ಉಸಿರಾಡಲು ಮೊಣಕಾಲು ಮಡಿಸಿದಂತೆ ಬೇರುಗಳನ್ನು ಕೆಸರಿನಿಂದ ಮೇಲೆತ್ತಿರುತ್ತವೆ. 2000ದಲ್ಲಿ ಸಸ್ಯವಿಜ್ಞಾನಿಗಳು ಗೇರಿನ ಕುಲದ ಒಂದು ಹೊಸ ಮರವನ್ನು ಅಲ್ಲಿ ಗುರುತಿಸಿ ಅದಕ್ಕೆ ಕತ್ತಲೆಕಾನಿನ ಹೆಸರನ್ನೇ ಇಟ್ಟರು. ಇಂಥ ಜೌಗಿನ ಕಾಡುಗಳು ಪಶ್ಚಿಮಘಟ್ಟದಲ್ಲಿ ಬೆರಳೆಣಿಕೆಯಷ್ಟು ಕಡೆ ಉಳಿದಿವೆ. ಹೆಚ್ಚಿನವು ಗದ್ದೆಯಾಗಿ, ತೋಟವಾಗಿ ಹೋದವು.

ಬ್ರಾಂಡಿಸ್ ವರದಿಗೆ ಎರಡು ವರ್ಷ ಮೊದಲು, 1866ರಲ್ಲಿ, ಮೈಸೂರಿನ ಮುಖ್ಯ ಎಂಜಿನಿಯರ್ ಸ್ಯಾಂಕಿ ಸಂಸ್ಥಾನದ ಕೆರೆಗಳ ಬಗ್ಗೆ ಒಂದು ಮಾತು ಬರೆದಿದ್ದರು. ಬೆಂಗಳೂರಿನ ಸ್ಯಾಂಕಿ ಕೆರೆ ಇವರದೇ ಹೆಸರಿನದು. 27,269 ಚದರ ಮೈಲಿಯ ಸಂಸ್ಥಾನದಲ್ಲಿ ಶೇ. 60ರಷ್ಟು ಭಾಗವನ್ನು ಜನ ಕೆರೆಗಳ ಜಾಲಕ್ಕೆ ತಂದಿದ್ದಾರೆ, ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ, ಕಟ್ಟಿದರೂ ಅದು ಕೆಳಗಿನ ಯಾವುದೋ ಹಳೆಯ ಕೆರೆಯ ನೀರು ಕಸಿದುಕೊಳ್ಳುತ್ತದೆ, ಆದ್ದರಿಂದ ಇರುವುದನ್ನು ದುರಸ್ತಿ ಮಾಡುವುದೇ ಸರಿ ಎಂಬುದು ಅವರ ಅಭಿಪ್ರಾಯದ ತಿರುಳು. ಒಂದೂವರೆ ಶತಮಾನದ ಹಿಂದೆ ಹೇಳಿದ ಆ ಮಾತಿಗೆ ಇಂದಿಗೂ ತಿದ್ದುಪಡಿ ಬೇಕಿಲ್ಲ.

ಆದರೆ ಅದೇ ಕಾಲದಲ್ಲಿ ದುರಸ್ತಿಯ ಹೊಣೆ ಊರಿನ ಕೈಯಿಂದ ಇಲಾಖೆಯ ಕೈಗೆ ಸರಿಯತೊಡಗಿತ್ತು. 1856ರಲ್ಲಿ ಮೈಸೂರಿನಲ್ಲಿ ಲೋಕೋಪಯೋಗಿ ಇಲಾಖೆ ಹುಟ್ಟಿ, ಕೆರೆ ಕಾಮಗಾರಿ ಎಂಜಿನಿಯರರ ವಿಷಯವಾಯಿತು. ಅತ್ತ ಕಾನುಗಳ ಮೇಲೆ ಅರಣ್ಯ ಇಲಾಖೆಯ ಕಣ್ಣು ಬಿತ್ತು. ಕಾನು ಮತ್ತು ಕೆರೆ ಊರಿನವರಿಗೆ ಒಂದೇ ಹಳ್ಳದ ಎರಡು ತುದಿ. ಕಾಗದದ ಮೇಲೆ ಅವು ಎರಡು ಬೇರೆ ಇಲಾಖೆಗಳ ಎರಡು ಬೇರೆ ಕಡತಗಳಾದವು. ನನ್ನ ಮಟ್ಟಿಗೆ ಈ ನೆಲದ ಕೆರೆಗಳ ಇಳಿಗಾಲ ಶುರುವಾದದ್ದು ಇಲ್ಲಿಂದಲೇ. ಸರ್ಕಾರಕ್ಕೂ ಅರಿವಾಗದೆ ಇರಲಿಲ್ಲ. 1911ರಲ್ಲಿ ಮೈಸೂರು ಸಂಸ್ಥಾನ ಕೆರೆ ಪಂಚಾಯತಿ ಕಾಯಿದೆ ತಂದು ಊರಿನವರನ್ನು ಮತ್ತೆ ಕೆರೆಯ ಆಡಳಿತಕ್ಕೆ ಕರೆಯಿತು. ಕರೆದವರ ಕೈಗೆ ಹಣವನ್ನೂ ಅಧಿಕಾರವನ್ನೂ ಸಾಕಷ್ಟು ಕೊಡದ ಕಾರಣ ಅದು ಬೇರು ಬಿಡಲಿಲ್ಲ.

ಸ್ವಾತಂತ್ರ್ಯ ಬಂದ ಮೇಲಿನ ಒಂದು ಬದಲಾವಣೆಯನ್ನು ನಾವು ಬೇಕಾದಷ್ಟು ಗಮನಿಸಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ 1963ರಲ್ಲಿ ಜಾರಿಗೆ ಬಂದು ಪಟೇಲ, ಶಾನುಭೋಗ, ತಳವಾರ, ಕೆರೆಯ ತೂಬು ನೋಡಿಕೊಳ್ಳುವ ನೀರುಗಂಟಿ ಮೊದಲಾದ ವಂಶಪಾರಂಪರ್ಯದ ಹುದ್ದೆಗಳೂ ಅವಕ್ಕೆ ಅಂಟಿದ ಇನಾಮು ಭೂಮಿಗಳೂ ಹೋದವು. ಜಾತಿಗೆ ಕಟ್ಟಿಹಾಕಿದ ಚಾಕರಿ ಹೋಗಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ನೀರುಗಂಟಿಯ ಮನೆಯವರು ಬಹುಪಾಲು ದಲಿತರು. ರಾತ್ರಿ ಮಳೆಯಲ್ಲಿ ಏರಿಯ ಮೇಲೆ ನಿಂತು ತೂಬು ಕಾದವರಿಗೆ ಊರಿನ ಬಾವಿಯ ಕಟ್ಟೆ ಹತ್ತುವ ಹಕ್ಕಿರಲಿಲ್ಲ. ಆ ಅನ್ಯಾಯ ತೊಲಗಿದ್ದು ಒಳ್ಳೆಯದೇ. ಆದರೆ ಆ ಕೆಲಸವನ್ನು ಸಂಬಳದ, ಮರ್ಯಾದೆಯ ಹುದ್ದೆಯಾಗಿ ಮತ್ತೆ ಸೃಷ್ಟಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕೆರೆಗೆ ಕಾವಲುಗಾರನಿಲ್ಲದಾಯಿತು.

ಮುಂದಿನದೆಲ್ಲ ಬೇಗ ನಡೆಯಿತು. ಕೊಳವೆಬಾವಿ ಬಂದು ಕೆರೆಯ ನೀರಿಗೆ ಕಾಯುವ ಅಗತ್ಯ ತಪ್ಪಿತು. ಕಾಯುವುದು ತಪ್ಪಿದ ಮೇಲೆ ಕಾಲುವೆ ಬಿಡಿಸುವ ಒಗ್ಗಟ್ಟೂ ತಪ್ಪಿತು. ಹಿನ್ನೀರಿನ ಜೌಗು ಮೊದಲು ಬಗರ್ ಹುಕುಂ ಗದ್ದೆಯಾಯಿತು, ನಂತರ ಅಡಿಕೆ ತೋಟವಾಯಿತು. ಶಿಕಾರಿಪುರದ ಕಡೆ ದಿಣ್ಣೆಗಳಿಗೆ ಮೆಕ್ಕೆಜೋಳ ಹತ್ತಿತು, ಸೊರಬದ ಕಡೆ ಶುಂಠಿ. ಇಳಿಜಾರಿನಲ್ಲಿ ಪ್ರತಿವರ್ಷ ಉತ್ತು ಸಡಿಲವಾದ ಮಣ್ಣು ಮೊದಲ ಮಳೆಗೇ ಕೊಚ್ಚಿ ಕೆರೆ ಸೇರುತ್ತದೆ. ಅದರ ಜೊತೆ ಗೊಬ್ಬರ, ಕೀಟನಾಶಕ. 1980ರ ದಶಕದಿಂದ ಭದ್ರಾವತಿಯ ಕಾಗದ ಕಾರ್ಖಾನೆಯ ಅಕೇಶಿಯಾ ನೆಡುತೋಪುಗಳು ಜಿಲ್ಲೆಯ ಉದ್ದಗಲಕ್ಕೂ ಎದ್ದವು. ಅಕೇಶಿಯಾದ ಎಲೆ ಬೇಗ ಕೊಳೆಯುವುದಿಲ್ಲ, ಅದರಡಿ ಹುಲ್ಲು ಹುಟ್ಟುವುದಿಲ್ಲ. ನಕ್ಷೆಯಲ್ಲಿ ಅದೂ ಹಸಿರು, ಕಾನೂ ಹಸಿರು. ಕೆರೆಗೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ.

ಈಗ ಹವಾಮಾನದ ಮಾತು. ಮಣ್ಣಿನಲ್ಲಿ ಹುದುಗಿದ ಇಂಗಾಲವನ್ನು ನೀರು ಮುಚ್ಚಳದಂತೆ ಕಾಪಾಡುತ್ತದೆ. ಗಾಳಿ ತಾಗದ ಕೆಸರಿನಲ್ಲಿ ಕೊಳೆಯುವುದು ನಿಧಾನ, ಹಾಗಾಗಿ ಸಸ್ಯಶೇಷ ಅಲ್ಲೇ ಪದರ ಪದರವಾಗಿ ಉಳಿಯುತ್ತದೆ. ಜೌಗನ್ನು ಬಸಿದು ಉತ್ತರೆ ಶತಮಾನಗಳ ಆ ಸಂಗ್ರಹ ಕೆಲವೇ ವರ್ಷಗಳಲ್ಲಿ ಗಾಳಿಗೆ ಸೇರುತ್ತದೆ. ಜಗತ್ತಿನ ಭೂಮಿಯ ಕೇವಲ ಶೇ. 3ರಷ್ಟಿರುವ, ಇಂಥ ಅರೆಕೊಳೆತ ಸಸ್ಯಶೇಷದಿಂದಲೇ ಆದ ಪೀಟ್ ನೆಲಗಳು ಎಲ್ಲ ಕಾಡುಗಳ ಮರಗಳಿಗಿಂತ ಹೆಚ್ಚು ಇಂಗಾಲ ಹಿಡಿದಿವೆ ಎಂಬುದು ವಿಜ್ಞಾನಿಗಳ ಲೆಕ್ಕ. 1970ರಿಂದ 2015ರ ನಡುವೆ ಜಗತ್ತಿನ ಜೌಗುನೆಲಗಳಲ್ಲಿ ಶೇ. 35ರಷ್ಟು ಮಾಯವಾದವೆಂದು, ಜೌಗುನೆಲಗಳ ರಕ್ಷಣೆಗೆಂದೇ ದೇಶಗಳು ಮಾಡಿಕೊಂಡ ರಾಮ್ಸಾರ್ ಒಪ್ಪಂದದ 2018ರ ವರದಿ ಹೇಳಿತು. ಸೊರಬದ ಕೆರೆಗಳು ಉತ್ತರದ ಪೀಟ್ ನೆಲಗಳಲ್ಲ, ಅಷ್ಟು ಇಂಗಾಲ ಇಲ್ಲಿ ಇಲ್ಲ. ಇನ್ನೊಂದು ಸತ್ಯವನ್ನೂ ಮುಚ್ಚಿಡಬಾರದು: ನಿಂತ ತೆಳುನೀರು ಮೀಥೇನ್ ಅನಿಲ ಬಿಡುತ್ತದೆ, ಗೊಬ್ಬರ ಮತ್ತು ಚರಂಡಿ ಸೇರಿದ ಕೆರೆ ಇನ್ನೂ ಹೆಚ್ಚು ಬಿಡುತ್ತದೆ. ಅದಕ್ಕೇ ಕೆರೆಗೆ ಬರುವ ನೀರು ಯಾವ ನೆಲದ ಮೇಲಿಂದ ಬಂತೆಂಬುದು ಮುಖ್ಯವಾಗುತ್ತದೆ. ಇಲ್ಲಿ ದೊಡ್ಡ ಇಂಗಾಲದ ಖಜಾನೆ ಇರುವುದು ಕಾನಿನ ಮಣ್ಣಿನಲ್ಲಿ ಮತ್ತು ಮರಗಳಲ್ಲಿ. ಕೆರೆಯ ದೊಡ್ಡ ಉಪಕಾರ ಇರುವುದು ಮಳೆಯ ಏರುಪೇರನ್ನು ತಡೆದುಕೊಳ್ಳುವುದರಲ್ಲಿ.

ಆ ಏರುಪೇರು ಈಗ ಕಣ್ಣೆದುರಿಗಿದೆ. 2019ರ ಆಗಸ್ಟ್‌ನಲ್ಲಿ ವರದೆ ಉಕ್ಕಿ ಗದ್ದೆಗಳ ಮೇಲೆ ಹರಿಯಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಸಾಲುಗೆರೆಗಳು ಸರಿಯಿದ್ದರೆ ನೆರೆಯ ನೀರಿನ ಒಂದು ಪಾಲು ಹಳ್ಳದ ಮೇಲ್ಭಾಗದಲ್ಲೇ ತಂಗಿ ಬರದ ವರ್ಷಕ್ಕೆ ಅಂತರ್ಜಲವಾಗಿ ಉಳಿಯುತ್ತಿತ್ತು.

ಕೆರೆ, ಕಾಡು ಉಳಿದುಕೊಂಡ ಕಡೆ ಏನಾಗುತ್ತದೆಂದು ನೋಡಲು ದೂರ ಹೋಗಬೇಕಿಲ್ಲ. ಸೊರಬ ತಾಲ್ಲೂಕಿನ ಗುಡವಿ, ಬನವಾಸಿಗೆ ಹತ್ತಿರದ ಊರು. ಅಲ್ಲಿಯ ಕೆರೆ ಮತ್ತು ಸುತ್ತಲ ಕಾಡು ಸೇರಿ ಸುಮಾರು 74 ಹೆಕ್ಟೇರ್ ಪಕ್ಷಿಧಾಮ; 1989ರಲ್ಲಿ ಘೋಷಣೆಯಾದದ್ದು. ಮಳೆಗಾಲದಲ್ಲಿ ಬಿಳಿ ಕೆಂಬರಲು, ನೀರುಕಾಗೆ, ಬೆಳ್ಳಕ್ಕಿ, ಹಾವಕ್ಕಿಗಳು ನೀರಿನಲ್ಲಿ ಮುಳುಗಿ ನಿಂತ ಮರಗಳ ಮೇಲೆ ಗೂಡು ಕಟ್ಟುತ್ತವೆ. ಗುಡವಿ ಹೇಗೆ ಉಳಿಯಿತೆಂದರೆ ಕಾಡು, ತೆಳುನೀರು, ನೀರೊಳಗಿನ ಮರ ಮೂರೂ ಒಟ್ಟಿಗೆ ಉಳಿದದ್ದರಿಂದ. ಇವುಗಳಲ್ಲಿ ಒಂದನ್ನು ತೆಗೆದರೆ ಹಕ್ಕಿ ಬರುವುದಿಲ್ಲ.

ಇದೇ ಕಾರಣಕ್ಕೆ ಇಂದಿನ ಕೆರೆ ಅಭಿವೃದ್ಧಿಯ ಬಗೆ ನನ್ನನ್ನು ಚಿಂತೆಗೆ ಹಚ್ಚುತ್ತದೆ. ಕೆಲಸ ನಡೆದಿಲ್ಲವೆಂದಲ್ಲ. ವಿಶ್ವಬ್ಯಾಂಕ್ ನೆರವಿನಿಂದ 2002ರಲ್ಲಿ ಜಲಸಂವರ್ಧನೆ ಯೋಜನೆ ಬಂದು ಕೆರೆ ಬಳಕೆದಾರರ ಸಂಘಗಳಾದವು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ‘ನಮ್ಮೂರು ನಮ್ಮ ಕೆರೆ’ ಹಲವು ಜಿಲ್ಲೆಗಳಲ್ಲಿ ಹೂಳೆತ್ತಿದೆ. ಪಕ್ಕದ ಶಿರಸಿಯಲ್ಲಿ ಊರವರೇ ಜೀವಜಲ ಕಾರ್ಯಪಡೆ ಕಟ್ಟಿಕೊಂಡು ಪೇಟೆಯ ಕೆರೆಗಳಿಗೆ ಜೀವ ತಂದಿದ್ದಾರೆ. ಇವರ ಶ್ರಮಕ್ಕೆ ತಲೆಬಾಗುತ್ತೇನೆ. ಆದರೆ ಅನೇಕ ಕಡೆ ಹೂಳೆತ್ತುವುದೆಂದರೆ ಹಿಟಾಚಿ ಇಳಿಸಿ ಕೆರೆಯನ್ನು ಅಂಚಿನಿಂದ ಅಂಚಿಗೆ ಒಂದೇ ಆಳಕ್ಕೆ ತೋಡಿ, ದಂಡೆಗೆ ಕಡಿದಾದ ಕಲ್ಲುಕಟ್ಟಡ ಕಟ್ಟುವುದು ಎಂದಾಗಿದೆ. ನೀರು ಹೆಚ್ಚು ನಿಲ್ಲುತ್ತದೆ, ಸರಿ. ತೆಳುನೀರು ಹೋಯಿತು, ಜೊಂಡು ಹೋಯಿತು, ಮೀನಿನ ಮರಿ ಬೆಳೆಯುವ ಜಾಗ ಹೋಯಿತು. ತಳದ ಜಿಗುಟು ಮಣ್ಣಿನ ಪದರವನ್ನೂ ಕೆತ್ತಿದರೆ ನೀರು ನಿಲ್ಲುವುದೂ ಇಲ್ಲ.

ಇನ್ನೊಂದು ದಾರಿ ಪಂಪಿನದು. ಶಿಕಾರಿಪುರದ ಕೆರೆಗಳಿಗೆ ತುಂಗಭದ್ರೆಯ ನೀರು ಎತ್ತಿ ತುಂಬಿಸುವ ಉಡುಗಣಿ–ತಾಳಗುಂದ–ಹೊಸೂರು ಏತ ನೀರಾವರಿ ಬಂದಿದೆ, ಸೊರಬಕ್ಕೆ ಮೂಡಿ ಏತ ನೀರಾವರಿ. ಅಕ್ಕಮಹಾದೇವಿಯ ಉಡುತಡಿಯೆನ್ನುವ ಉಡುಗಣಿಯೂ ಕದಂಬರ ತಾಳಗುಂದವೂ ಕೊಳವೆ ಸಾಲಿನ ಹೆಸರಿನಲ್ಲಿ ಸೇರಿವೆ. ಬತ್ತಿದ ಕೆರೆಯ ಮುಂದೆ ವರ್ಷಗಟ್ಟಲೆ ಕಾದ ರೈತನಿಗೆ ಆ ನೀರು ಬೇಕೇ ಬೇಕು. ಅದನ್ನು ಅಲ್ಲಗಳೆಯುವ ಹಕ್ಕು ನನಗಿಲ್ಲ. ಆದರೆ ಹಳ್ಳದ ಕೆಳಗೆ ಹರಿದುಹೋದ ನೀರನ್ನು ವಿದ್ಯುತ್ ಸುಟ್ಟು ಮತ್ತೆ ಮೇಲಕ್ಕೆ ಎತ್ತುವ ಕೆಲಸಕ್ಕೆ ಪ್ರತಿ ವರ್ಷ ಖರ್ಚಿದೆ, ಪ್ರತಿ ವರ್ಷ ಇಂಗಾಲವೂ ಇದೆ. ಕಾನು ಬೆಳೆದು ನಿಂತರೆ ಅದು ಮಳೆ ಹಿಡಿಯಲು ವಿದ್ಯುತ್ ಕೇಳುವುದಿಲ್ಲ. ಕೊಳವೆಯ ಖರ್ಚಿನ ಒಂದು ಸಣ್ಣ ಪಾಲನ್ನು ಅದೇ ಕೆರೆಗಳ ಮೇಲ್ಭಾಗದ ದಿಣ್ಣೆಗೆ ಇಟ್ಟಿದ್ದರೆ, ಪಂಪು ಮುಂದೆ ಬರದ ವರ್ಷಕ್ಕೆ ಮಾತ್ರ ಬೇಕಾಗುತ್ತಿತ್ತು.

ಕಾನೂನು ಕೂಡ ಈ ಕೆರೆಗಳಿಗೆ ಒದಗಿಬಂದಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್ ದೇಶದ 2,01,503 ಜೌಗುಪ್ರದೇಶಗಳನ್ನು ಕಾಯಬೇಕೆಂದು ಹೇಳಿತು. ಅದೇ ವರ್ಷ ಕೇಂದ್ರ ತಂದ ನಿಯಮಗಳು ಕುಡಿಯುವ ನೀರಿಗೆ, ನೀರಾವರಿಗೆ ಎಂದೇ ಮನುಷ್ಯರು ಕಟ್ಟಿದ ಕೆರೆಗಳನ್ನೂ ಭತ್ತದ ಗದ್ದೆಗಳನ್ನೂ ಜೌಗುಪ್ರದೇಶದ ವ್ಯಾಖ್ಯೆಯಿಂದ ಹೊರಗಿಟ್ಟವು. ಈ ವ್ಯಾಖ್ಯೆಯಂತೆ ಸೊರಬ, ಶಿಕಾರಿಪುರದ ಕೆರೆಗಳಲ್ಲಿ ಬಹುಪಾಲು ಲೆಕ್ಕಕ್ಕೇ ಇಲ್ಲ. ಅತ್ತ ರಾಮ್ಸಾರ್ ಒಪ್ಪಂದ ಕಟ್ಟಿದ ಕೆರೆಯನ್ನೂ ಜೌಗೆಂದೇ ಒಪ್ಪುತ್ತದೆ. 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಎರಡೂ ಊರಿನ ನೀರಾವರಿಗೆಂದು ಕಟ್ಟಿದವೇ. ಆ ಎರಡು ಕೆರೆಗಳಿಗೆ ಸಿಕ್ಕ ಗೌರವ ಇಲ್ಲಿಯವಕ್ಕೂ ಸಲ್ಲಬೇಕೆಂದು ಕೇಳಲು ಯಾವ ಅಡ್ಡಿಯೂ ಇಲ್ಲ. ರಾಜ್ಯವೇ 2014ರಲ್ಲಿ ಮಾಡಿಕೊಂಡ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯಿದೆ ಕೈಯಲ್ಲಿದೆ.

ಕೆಲಸ ಎಲ್ಲಿಂದ ಶುರುವಾಗಬೇಕೆಂದು ಕೇಳಿದರೆ ನಾನು ಸಾಲಿನ ಅತಿ ಮೇಲಿನ ಕೆರೆಯಿಂದ ಎನ್ನುತ್ತೇನೆ. ಅದರ ತಲೆಯ ಮೇಲಿನ ಕಾನಿನ ತುಂಡಿಗೆ ಬೇಲಿ ಹಾಕಿ, ಅಕೇಶಿಯಾ ಇದ್ದಲ್ಲಿ ಹಂತ ಹಂತವಾಗಿ ತೆಗೆದು ಊರಿನ ಮರಗಳನ್ನೇ ಬೆಳೆಯಬಿಡಬೇಕು. ಹಿನ್ನೀರಿನ ಕೊನೆಯಲ್ಲಿ ಜೌಗಿಗೆ ಜಾಗ ಬಿಡಬೇಕು. ಹೂಳನ್ನು ಏರಿಯ ಬಳಿ ಮಾತ್ರ ಆಳಕ್ಕೆ ತೆಗೆದು, ಆ ಗೋಡನ್ನು ಹಿಂದಿನಂತೆ ಗದ್ದೆಗೆ ಕೊಡಬೇಕು. ನಂತರ ಎರಡನೆಯ ಕೆರೆ, ಮೂರನೆಯದು. ಇಂದು ಪ್ರತಿ ಗ್ರಾಮ ಪಂಚಾಯಿತಿಯೂ ನಲ್ಲಿ ನೀರು ಬಿಡಲು ಒಬ್ಬನಿಗೆ ಸಂಬಳ ಕೊಡುತ್ತದೆ. ಏರಿಯ ಮೇಲಿನ ಗಿಡ ಕೀಳಲು, ಮಳೆಗಾಲಕ್ಕೆ ಮುಂಚೆ ತೂಬು ನೋಡಲು, ಕೋಡಿಗೆ ಅಡ್ಡ ಬಂದ ಮಣ್ಣು ಸರಿಸಲು, ಒತ್ತುವರಿಯಾದರೆ ಮೊದಲು ಬಂದು ಹೇಳಲು ಕೆರೆಗೂ ಒಬ್ಬರು ಬೇಕು. ಯಾವ ಜಾತಿಯವರಾದರೂ, ಗಂಡಾಗಲಿ ಹೆಣ್ಣಾಗಲಿ, ಅವರಿಗೆ ತಿಂಗಳ ಸಂಬಳ ಸಿಗಬೇಕು. ಅದಕ್ಕೆ ಪಂಚಾಯಿತಿಯ ಬಜೆಟ್ಟಿನಲ್ಲಿ ಇನ್ನೂ ಒಂದು ಸಾಲು ಬರೆದಿಲ್ಲ.